ಆಟ ನಿಂತ ಮೇಲೆ ಅಂಗಳದ ಹೆಸರು ಏನಾಗುತ್ತೆ? ರೋಮಿನ ಚೆಂಡಿನ ಮನೆಯಿಂದ ನಮ್ಮ ವೈಹಾಳಿವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆಯನ್ನ ಮೂರು ಸಣ್ಣ ಪ್ರಶ್ನೆಗಳಿಂದ ಶುರು ಮಾಡೋಣ.

ಕುಸ್ತಿ ಕಲಿಯೋ ಜಾಗಕ್ಕೆ ಕನ್ನಡದಲ್ಲಿ ಏನಂತಾರೆ? ಗರಡಿ. ನಂಜನಗೂಡಿನಲ್ಲಿ ಯಾರನ್ನ ಕೇಳಿದರೂ ಹೇಳ್ತಾರೆ. ರಾಗಿ ಒಕ್ಕಣೆ ಮಾಡೋ ಜಾಗಕ್ಕೆ? ಕಣ. ತಿ. ನರಸೀಪುರದ ಯಾವ ರೈತರಿಗೂ ಇದು ಗೊತ್ತು. ಸರಿ, ಕುದುರೆ ಮೇಲೆ ಕೂತು, ಕೋಲಿನಿಂದ ಚೆಂಡು ಹೊಡೆಯೋ ಜಾಗಕ್ಕೆ?

ಇಲ್ಲಿ ನಾವೆಲ್ಲ ತಡವರಿಸ್ತೀವಿ. ಪೋಲೋ ಗ್ರೌಂಡ್ ಅಂತೀವಿ. ಆದರೆ ಪೋಲೋ ಅನ್ನೋ ಪದ ನಮ್ಮ ಕಡೆಗೆ ಬರೋದಕ್ಕೆ ಏಳುನೂರು ವರ್ಷಕ್ಕೂ ಮುಂಚೆಯೇ ಆ ಅಂಗಳಕ್ಕೆ ಇಲ್ಲೊಂದು ಹೆಸರಿತ್ತು. ವಾಹ್ಯಾಳಿ. ಕನ್ನಡದ ಬಾಯಲ್ಲಿ ಅದು ವೈಹಾಳಿ ಆಯ್ತು, ವೈಯಾಳಿ ಅಂತಲೂ ಆಯ್ತು. ನಿಘಂಟಿನಲ್ಲಿ ಇವತ್ತಿಗೂ ಇದೆ. ಮಾತಿನಲ್ಲಿ ಮಾತ್ರ ಇಲ್ಲ.

ಒಂದು ಆಟ ಸತ್ತ ಮೇಲೆ ಅದರ ಅಂಗಳದ ಹೆಸರು ಏನಾಗುತ್ತೆ ಅನ್ನೋದು ಇವತ್ತಿನ ವಿಷಯ. ಮೊದಲು ರೋಮಿಗೆ ಹೋಗಿ, ಆಮೇಲೆ ನಮ್ಮ ಕಪಿಲಾ, ಕಾವೇರಿ ಕಡೆಗೆ ವಾಪಸ್ ಬರೋಣ.

ರೋಮಿನ ಚೆಂಡಿನ ಮನೆ

ಲ್ಯಾಟಿನ್ ಭಾಷೆಯಲ್ಲಿ ಒಂದು ಪದ ಇದೆ: ಸ್ಫೇರಿಸ್ಟೀರಿಯಮ್. ಗ್ರೀಕರಿಂದ ತಗೊಂಡ ಪದ. ಸ್ಫೇರಾ ಅಂದ್ರೆ ಗೋಳ, ಚೆಂಡು. ಚೆಂಡಾಡೋಕೆ ಅಂತಲೇ ಇಟ್ಟ ಜಾಗ ಸ್ಫೇರಿಸ್ಟೀರಿಯಮ್. ರೋಮನ್ನರಿಗೆ ಚೆಂಡಾಟದ ಹುಚ್ಚು ಇತ್ತು. ಮೂರು ಜನ ತ್ರಿಕೋನದಲ್ಲಿ ನಿಂತು ಆಡೋ ಆಟಕ್ಕೆ ಟ್ರೈಗಾನ್ ಅಂತಿದ್ದರು. ಕಿತ್ತಾಡಿ ಚೆಂಡು ಕಸಿಯೋ ಆಟಕ್ಕೆ ಹಾರ್ಪಾಸ್ಟಮ್ ಅಂತಿದ್ದರು. ಸ್ನಾನಕ್ಕೆ ಹೋಗೋ ಮುಂಚೆ ಮೈ ಬೆವರಬೇಕು, ಅದಕ್ಕೆ ಚೆಂಡಾಟ.

ಇಷ್ಟೆಲ್ಲ ಆಡ್ತಿದ್ದ ಜನ, ಆಟದ ಜಾಗದ ಬಗ್ಗೆ ಬರೆದಿಟ್ಟಿರೋದು ಮಾತ್ರ ಬಹಳ ಕಮ್ಮಿ. ಸುಮಾರು 1900 ವರ್ಷದ ಹಿಂದೆ ಇದ್ದ ಕಿರಿಯ ಪ್ಲಿನಿ ತನ್ನ ಎರಡು ಬಂಗಲೆಗಳನ್ನ ಗೆಳೆಯರಿಗೆ ಪತ್ರದಲ್ಲಿ ವರ್ಣಿಸ್ತಾನೆ. ಒಂದು ಸಮುದ್ರದ ದಂಡೆಯದು, ಇನ್ನೊಂದು ಬೆಟ್ಟದ ತಪ್ಪಲಿನದು. ಎರಡರಲ್ಲೂ ಸ್ಫೇರಿಸ್ಟೀರಿಯಮ್ ಇದೆ. ಒಂದಕ್ಕೆ ಸಂಜೆಯ ಬಿಸಿಲು ಚೆನ್ನಾಗಿ ಬೀಳುತ್ತೆ ಅಂತಾನೆ. ಇನ್ನೊಂದು ಸ್ನಾನದ ಮನೆಯ ಹತ್ತಿರ, ಬಟ್ಟೆ ಬದಲಿಸೋ ಕೋಣೆಯ ಮೇಲಿದೆ, ಅದರಲ್ಲಿ ಒಂದೇ ಸಲಕ್ಕೆ ಹಲವು ಗುಂಪುಗಳು ಆಡಬಹುದು ಅಂತಾನೆ. ಸುಯೆಟೋನಿಯಸ್ ಅನ್ನೋ ಚರಿತ್ರೆಕಾರ ವೆಸ್ಪಾಸಿಯನ್ ಚಕ್ರವರ್ತಿಯ ಆರೋಗ್ಯದ ಗುಟ್ಟು ಹೇಳುವಾಗ ಇದೇ ಪದ ಬಳಸ್ತಾನೆ. ಚಕ್ರವರ್ತಿ ಅಲ್ಲಿ ಗಂಟಲು, ಕೈಕಾಲು ಇಷ್ಟು ಸಲ ಅಂತ ಲೆಕ್ಕ ಹಾಕಿ ಉಜ್ಜಿಕೊಳ್ತಿದ್ದ, ತಿಂಗಳಿಗೆ ಒಂದು ದಿನ ಉಪವಾಸ ಇರ್ತಿದ್ದ, ಅಷ್ಟೇ.

ಈ ಪದ ನಮ್ಮವರೆಗೆ ಬಂದಿರೋದು ಇಂಥ ಕೆಲವೇ ಸಾಲುಗಳಿಂದ. ಅದರ ಗೋಡೆ, ನೆಲ, ಅಳತೆ ಬೇಕು ಅಂದ್ರೆ ಪಂಡಿತರು ಈ ಸಾಲುಗಳನ್ನೇ ಹಿಂಡಬೇಕು. ಶ್ರೀಮಂತರ ಮನೆಯಲ್ಲಿ ಇದ್ದ ಅಂಗಳ, ಆ ಮನೆಗಳ ಜತೆಗೇ ಹೋಯ್ತು.

ಈಗ ನಮ್ಮ ಕಡೆಗೆ ಬರೋಣ. ನಮ್ಮದೂ ಹೆಚ್ಚು ಕಮ್ಮಿ ಇದೇ ಕಥೆ.

ರಾಜ್ಯ ಇಲ್ಲದ ರಾಜನ ಚೆಂಡಾಟ

ತಿ. ನರಸೀಪುರ ತಾಲ್ಲೂಕು ಅಂದ ತಕ್ಷಣ ನಮಗೆ ತಲಕಾಡು ನೆನಪಾಗುತ್ತೆ. ಮರಳು, ಪಂಚಲಿಂಗ ದರ್ಶನ, ಕೀರ್ತಿನಾರಾಯಣ. ಅದಕ್ಕೂ ಹಿಂದೆ ಇದು ಗಂಗರ ರಾಜಧಾನಿ. ಇದೇ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ಗಂಗರ ಒಂದು ಪ್ರಸಿದ್ಧ ನಿಷಿಧಿ ಕಲ್ಲು ಸಿಕ್ಕಿದೆ. 9ನೇ ಶತಮಾನದ್ದು. ರಾಜ ನೀತಿಮಾರ್ಗ ತೀರಿಕೊಂಡದ್ದನ್ನ ಅದು ದಾಖಲಿಸುತ್ತೆ. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಇಂಥ ಶಾಸನಗಳು ಎಷ್ಟಿವೆ ಅಂದ್ರೆ, ಬಿ.ಎಲ್. ರೈಸ್ 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೇ ಸಂಪುಟದಲ್ಲಿ ಈ ಎರಡು ತಾಲ್ಲೂಕುಗಳಿಗೆ ದೊಡ್ಡ ಪಾಲು ಸಿಕ್ಕಿದೆ.

ಈ ಗಂಗರ ಮನೆಯ ಮಗಳ ಮಗ ಒಬ್ಬ ಇದ್ದ. ಹೆಸರು ಇಂದ್ರ. ತಂದೆ ಕಡೆಯಿಂದ ರಾಷ್ಟ್ರಕೂಟ, ಮೂರನೇ ಕೃಷ್ಣನ ಮೊಮ್ಮಗ. ತಾಯಿ ಕಡೆಯಿಂದ ಗಂಗ ಬೂತುಗನ ಮೊಮ್ಮಗ. 973ರಲ್ಲಿ ಎರಡನೇ ತೈಲಪ ರಾಷ್ಟ್ರಕೂಟರ ರಾಜ್ಯವನ್ನ ಕಿತ್ತುಕೊಂಡ. ಇಂದ್ರನ ಸೋದರಮಾವ, ಗಂಗರ ಮಾರಸಿಂಹ, ಅಳಿಯನನ್ನ ಪಟ್ಟದಲ್ಲಿ ಕೂರಿಸೋಕೆ ನೋಡಿದ. ಆಗಲಿಲ್ಲ. ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನ ಮಾಡಿ ಪ್ರಾಣ ಬಿಟ್ಟ. ಕೆಲವು ವರ್ಷದ ಮೇಲೆ, 982ರ ಮಾರ್ಚ್‌ನಲ್ಲಿ, ಇಂದ್ರನೂ ಶ್ರವಣಬೆಳಗೊಳದಲ್ಲಿ ಅದೇ ದಾರಿ ಹಿಡಿದ.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ, ಗಂಧವಾರಣ ಬಸದಿಯ ಹತ್ತಿರ, ಅವನ ನೆನಪಿನ ಶಾಸನ ಕಂಬ ಇದೆ. ಸಾಮಾನ್ಯವಾಗಿ ಇಂಥ ಕಂಬದಲ್ಲಿ ಯುದ್ಧ, ದಾನ, ಭಕ್ತಿ ಇರುತ್ತೆ. ಇಲ್ಲಿ ಅವೆಲ್ಲ ಇದ್ದರೂ, ಪದ್ಯದ ಮೇಲೆ ಪದ್ಯ ಹೋಗೋದು ಒಂದು ಆಟದ ಮೇಲೆ. ಕುದುರೆ ಏರಿ, ಕೋಲು ಹಿಡಿದು, ಚೆಂಡನ್ನ ಮಂಡಲ ಮಂಡಲವಾಗಿ ತಿರುಗಿಸೋ ಆಟ. ಒಳಗಿನ ಸುತ್ತು, ಹೊರಗಿನ ಸುತ್ತು, ಎಡಕ್ಕೆ, ಬಲಕ್ಕೆ. ಈ ಚಲನೆಗಳನ್ನ ಸುಕರ, ದುಷ್ಕರ, ವಿಷಮ, ವಿಷಮವಿಷಮ ಅಂತ ನಾಲ್ಕು ಬಗೆ ಮಾಡ್ತಾರೆ. ಅಂದ್ರೆ ಸುಲಭ, ಕಷ್ಟ, ಬಲು ಕಷ್ಟ, ಅದಕ್ಕಿಂತಲೂ ಕಷ್ಟ. ಇವತ್ತಿನ ಕ್ರೀಡಾ ವೀಕ್ಷಕ ವಿವರಣೆಕಾರರು ಹೇಳೋ ಹಾಗೇ ಇದೆ, ಅಲ್ವಾ? ಚೆಂಡು ಮೆಣಸಿನ ಕಾಳಿಗಿಂತ ಸಣ್ಣದಿದ್ದರೂ, ಕುದುರೆ ಬೆಟ್ಟಕ್ಕಿಂತ ದೊಡ್ಡದಿದ್ದರೂ ಇಂದ್ರನಿಗೆ ಹಲವು ಸುತ್ತು ಹಾಕದೆ ತೃಪ್ತಿ ಇರಲಿಲ್ಲ ಅನ್ನೋ ಅರ್ಥದ ಮಾತೂ ಅಲ್ಲಿ ಬರುತ್ತೆ.

ಸ್ವಲ್ಪ ನಿಂತು ಯೋಚನೆ ಮಾಡಿ. ರಾಜ್ಯ ಹೋಗಿದೆ. ಪಟ್ಟ ಸಿಕ್ಕಿಲ್ಲ. ಉಪವಾಸ ಮಾಡಿ ಸತ್ತಿದ್ದಾನೆ. ಅವನ ಕಡೆಯವರು ಕಲ್ಲಿನಲ್ಲಿ ಬರೆಸಿದ್ದು ಏನನ್ನ? ಇವನಷ್ಟು ಚೆನ್ನಾಗಿ ಚೆಂಡಾಡೋರು ಇನ್ನೊಬ್ಬರಿಲ್ಲ ಅಂತ. ಗೆದ್ದ ರಾಜ್ಯ ಇಲ್ಲದಿದ್ದಾಗ ಗೆದ್ದ ಆಟವನ್ನಾದರೂ ಉಳಿಸೋಣ ಅಂತ ಅನ್ನಿಸಿತೋ ಏನೋ.

ನಿಯಮ ಬರೆದಿಟ್ಟ ಚಕ್ರವರ್ತಿ

ಇಂದ್ರನ ಕಂಬ ಆಟಗಾರನನ್ನ ಹೊಗಳುತ್ತೆ. ಅಂಗಳವನ್ನ ವಿವರಿಸಿದ್ದು ಇನ್ನೊಬ್ಬ. ಇಲ್ಲಿ ಒಂದು ತಮಾಷೆ ಇದೆ. ಯಾವ ತೈಲಪ ಇಂದ್ರನ ಮನೆತನದ ರಾಜ್ಯ ಕಿತ್ತುಕೊಂಡನೋ, ಅದೇ ಕಲ್ಯಾಣದ ಚಾಲುಕ್ಯರ ವಂಶದಲ್ಲಿ ಮೂರನೇ ಸೋಮೇಶ್ವರ ಬಂದ. ಆರನೇ ವಿಕ್ರಮಾದಿತ್ಯನ ಮಗ. ಅವನು ಸುಮಾರು 1130ರಲ್ಲಿ ಮಾನಸೋಲ್ಲಾಸ ಅನ್ನೋ ಸಂಸ್ಕೃತ ಗ್ರಂಥ ರಚಿಸಿದ. ಅಭಿಲಷಿತಾರ್ಥ ಚಿಂತಾಮಣಿ ಅಂತ ಇನ್ನೊಂದು ಹೆಸರು. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ಅಡುಗೆಯಿಂದ ಆನೆವರೆಗೆ, ಸಂಗೀತದಿಂದ ಮೀನು ಹಿಡಿಯೋವರೆಗೆ ಎಲ್ಲ ಇದೆ. ಮೈಸೂರಿನವರಿಗೆ ಇದು ಹತ್ತಿರದ ಪುಸ್ತಕ. ಅರ್ಥಶಾಸ್ತ್ರವನ್ನ ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳೇ ಇದರ ಮೊದಲ ಭಾಗವನ್ನ 1926ರಲ್ಲಿ ಮೈಸೂರಿನಿಂದ ಸಂಪಾದಿಸಿ ಪ್ರಕಟಿಸಿದರು.

ಈ ಗ್ರಂಥದ ವಿನೋದಗಳ ಭಾಗದಲ್ಲಿ ಎರಡು ವಾಹ್ಯಾಳಿ ಬರುತ್ತವೆ. ಒಂದು ಆನೆಗಳದ್ದು, ಗಜವಾಹ್ಯಾಳಿ. ಇನ್ನೊಂದು ಕುದುರೆಗಳದ್ದು, ವಾಜಿವಾಹ್ಯಾಳಿ. ನಮಗೆ ಬೇಕಾದ ಚೆಂಡಾಟ ಇರೋದು ಎರಡನೆಯದರಲ್ಲಿ. ಎರಡು ತಂಡ, ಒಂದೊಂದರಲ್ಲಿ ಎಂಟೆಂಟು ಸವಾರರು. ಅಂಗಳದ ಎರಡೂ ಕಡೆ ಗುರಿಯಾಗಿ ತೋರಣಗಳು. ಮರದ ಚೆಂಡು, ಅದರ ಮೇಲೆ ತೊಗಲು ಹೊದಿಸಿರಬೇಕು. ಹೊಡೆಯೋಕೆ ತುದಿ ಬಾಗಿದ ಕೋಲು. ಚೆಂಡನ್ನ ಎದುರಿನವರ ತೋರಣ ದಾಟಿಸಿದರೆ ಗೆಲುವು. ಇದನ್ನ ಇವತ್ತಿನ ಪೋಲೋ ಆಡೋವರಿಗೆ ಹೇಳಿದ್ರೆ ಹೆಚ್ಚು ವಿವರಿಸೋ ಅಗತ್ಯ ಇರಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸರಿ ಮಾಡಬೇಕು. ಈ ಆಟ ದೆಹಲಿ ಸುಲ್ತಾನರ ಜತೆ ದಕ್ಷಿಣಕ್ಕೆ ಬಂತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ದೆಹಲಿಯ ಕುತುಬುದ್ದೀನ್ ಐಬಕ್ ಚೌಗಾನ್ ಆಡುವಾಗ ಕುದುರೆಯಿಂದ ಬಿದ್ದು ಸತ್ತಿದ್ದು 1210ರಲ್ಲಿ. ಸೋಮೇಶ್ವರನ ಪುಸ್ತಕ ಅದಕ್ಕೆ ಎಂಬತ್ತು ವರ್ಷ ಹಿಂದಿನದು, ಇಂದ್ರನ ಕಂಬ ಇನ್ನೂರಕ್ಕೂ ಹೆಚ್ಚು ವರ್ಷ ಹಿಂದಿನದು. ಒಳ್ಳೆ ಕುದುರೆಗಳು ಪಶ್ಚಿಮ ಕರಾವಳಿಯ ಬಂದರುಗಳಿಗೆ ಅರಬ್ ವ್ಯಾಪಾರಿಗಳ ಹಡಗಿನಲ್ಲಿ ಬರ್ತಿದ್ದವು. ರಾಷ್ಟ್ರಕೂಟರಿಗೂ ಅರಬರಿಗೂ ಒಳ್ಳೆ ಸಂಬಂಧ ಇತ್ತು. ಇನ್ನು ಪೋಲೋ ಅನ್ನೋ ಹೆಸರು ಹಿಮಾಲಯದಾಚೆಯ ಪುಲು ಅನ್ನೋ ಮಾತಿನಿಂದ ಬಂದದ್ದು, ಅದರ ಅರ್ಥವೂ ಚೆಂಡು ಅಂತಲೇ. ಬ್ರಿಟಿಷರು ಈ ಆಟ ಕಲಿತದ್ದು ಮಣಿಪುರದವರಿಂದ. ಅಸ್ಸಾಮಿನ ಸಿಲ್ಚಾರ್‌ನಲ್ಲಿ ಅವರ ಕ್ಲಬ್ ಶುರುವಾಗಿದ್ದು 1859ರಲ್ಲಿ.

ಅಂಗಳ ಸಿಗಲ್ಲ, ಮಾತು ಸಿಗುತ್ತೆ

ಹಾಗಾದ್ರೆ ತಲಕಾಡಿನಲ್ಲಿ ಅಗೆದರೆ ವೈಹಾಳಿ ಸಿಗಬಹುದಾ ಅಂತ ನೀವು ಕೇಳಬಹುದು. ಅಗೆಯೋದು ಏನನ್ನ? ದೇವಸ್ಥಾನಕ್ಕೆ ಅಡಿಪಾಯ ಇರುತ್ತೆ. ಕೋಟೆಗೆ ಕಲ್ಲು ಇರುತ್ತೆ. ಕುದುರೆ ಓಡಿಸೋ ಬಯಲಿಗೆ ಬೇಕಾದ್ದು ಸಮತಟ್ಟು ನೆಲ ಒಂದೇ. ಕಲ್ಲು ಆರಿಸಬೇಕು, ಗುಂಡಿ ಮುಚ್ಚಬೇಕು, ನೀರು ಚಿಮುಕಿಸಿ ಧೂಳು ಕೂರಿಸಬೇಕು. ಎರಡು ಮಳೆಗಾಲ ಬಿಟ್ಟರೆ ಹುಲ್ಲು, ಮೂರನೆಯದಕ್ಕೆ ಯಾರಾದರೂ ನೇಗಿಲು ಹೂಡ್ತಾರೆ. ಸೋಮನಾಥಪುರಕ್ಕೆ ಹೋದಾಗ ಕೇಶವ ದೇವಾಲಯದ ಹೊರಗೋಡೆಯ ತಳಭಾಗ ನೋಡಿ. ಮೊದಲ ಸಾಲಿನಲ್ಲಿ ಆನೆ, ಅದರ ಮೇಲಿನ ಸಾಲಿನಲ್ಲಿ ಕುದುರೆ ಸವಾರರು. 13ನೇ ಶತಮಾನದ ಕುದುರೆಗಳು ಇನ್ನೂ ಓಡ್ತಾನೇ ಇವೆ. ಅವುಗಳ ಕಾಲ ಕೆಳಗಿನ ನೆಲ ಮಾತ್ರ ಇಲ್ಲ.

ನೆಲ ಹೋದ ಮೇಲೆ ಮಾತು ಹೇಗೆ ಬದುಕ್ತು? ಅರ್ಥ ಬದಲಿಸಿಕೊಂಡು. ವಾಹ್ಯಾಳಿ ಮೊದಲು ಕುದುರೆ ಓಡಿಸೋ ಜಾಗ. ಕನ್ನಡದ ಕಾವ್ಯಗಳಿಗೆ ಬರುವಾಗ ವೈಹಾಳಿ ಅಂದ್ರೆ ಕುದುರೆ ಸವಾರಿಯೂ ಹೌದು. ಜಾಗದ ಹೆಸರು ಕೆಲಸದ ಹೆಸರಾಯ್ತು. ಪೇಟೆ ಅಂದ್ರೆ ಜಾಗವೂ ಹೌದು, ಅಲ್ಲಿಯ ವ್ಯಾಪಾರವೂ ಹೌದು, ಹಾಗೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಯಸ್ ಕೃಷ್ಣದೇವರಾಯನ ಬೆಳಗನ್ನ ವಿವರಿಸ್ತಾನೆ. ರಾಯ ನಸುಕಿಗೆ ಮುಂಚೆಯೇ ಎದ್ದು ಎಳ್ಳೆಣ್ಣೆ ಕುಡೀತಾನೆ, ಮೈಗೂ ಹಚ್ಚಿಸಿಕೊಳ್ತಾನೆ, ಭಾರ ಎತ್ತುತ್ತಾನೆ, ಕತ್ತಿ ತಿರುಗಿಸ್ತಾನೆ, ಜಟ್ಟಿಯ ಜತೆ ಕುಸ್ತಿ ಆಡ್ತಾನೆ, ಆಮೇಲೆ ಬೆಳಕು ಹರಿಯೋ ತನಕ ಬಯಲಿನಲ್ಲಿ ಆ ಕಡೆ ಈ ಕಡೆ ಕುದುರೆ ಓಡಿಸ್ತಾನೆ. ವೆಸ್ಪಾಸಿಯನ್ ಕೈಕಾಲು ಉಜ್ಜಿಕೊಂಡದ್ದು ನೆನಪಿದೆಯಲ್ಲ? ಅಲ್ಲಿ ಸ್ಫೇರಿಸ್ಟೀರಿಯಮ್, ಇಲ್ಲಿ ವೈಹಾಳಿ.

ಕೊನೆಗೆ ಈ ಮಾತು ದೇವರ ಹತ್ತಿರ ಹೋಗಿ ಕೂತಿತು. ಶ್ರೀರಂಗಂನಲ್ಲಿ ರಂಗನಾಥನ ಉತ್ಸವಮೂರ್ತಿ ಕುದುರೆ ವಾಹನದ ಮೇಲೆ ಬಂದಾಗ, ಹೊತ್ತವರು ಓಡೋ ಕುದುರೆಯ ಗತಿಯಲ್ಲಿ ಮುಂದೆ ಹಿಂದೆ ಹೆಜ್ಜೆ ಹಾಕ್ತಾರೆ. ಅದಕ್ಕೆ ವೈಯಾಳಿ ಅಂತಲೇ ಹೆಸರು. ರಾಜರ ಕುದುರೆ ಹೋಯ್ತು, ದೇವರ ಮರದ ಕುದುರೆ ಉಳೀತು.

ಇಷ್ಟು ಕೇಳಿದ ಮೇಲೆ ಬೆಂಗಳೂರಿನವರಿಗೆ ವೈಯಾಲಿಕಾವಲ್ ನೆನಪಾಗಿರುತ್ತೆ. ಆದರೆ ಕಿವಿಗೆ ಹೋಲುತ್ತೆ ಅನ್ನೋದೊಂದೇ ಪುರಾವೆ ಆಗಲ್ಲ. ಊರ ಹೆಸರಿನ ಬಗ್ಗೆ ಮಾತಾಡೋವಾಗ ಹಳೆಯ ದಾಖಲೆಯಲ್ಲಿ ಹೇಗೆ ಬರೆದಿದ್ದಾರೆ, ಆ ನೆಲದಲ್ಲಿ ಏನು ನಡೀತಿತ್ತು, ಎರಡನ್ನೂ ನೋಡಬೇಕು. ಇದನ್ನ ಯಾಕೆ ಹೇಳಿದೆ ಅಂತ ಈಗ ಗೊತ್ತಾಗುತ್ತೆ.

ಗರಡಿ ಯಾಕೆ ಉಳೀತು?

ವೈಹಾಳಿ ಮರೆತ ನಾವು ಗರಡಿಯನ್ನ ಯಾಕೆ ಮರೆಯಲಿಲ್ಲ? ಎರಡೂ ಹಳೆಯವು, ಎರಡೂ ಅರಮನೆಯ ಆಶ್ರಯ ಕಂಡವು.

ಕಾರಣ ಸರಳ. ವೈಹಾಳಿಗೆ ಹಡಗಿನಲ್ಲಿ ಬಂದ ಕುದುರೆ ಬೇಕು, ಲಾಯ ಬೇಕು, ಹುರುಳಿ ಬೇಕು, ಆಳು ಬೇಕು. ಗರಡಿಗೆ ಒಂದು ಲಂಗೋಟಿ, ಸ್ವಲ್ಪ ಕೆಮ್ಮಣ್ಣು, ಹೇಳಿಕೊಡೋಕೆ ಒಬ್ಬ ಉಸ್ತಾದ್ ಸಾಕು. ಅರಮನೆ ಕೈಬಿಟ್ಟ ದಿನ ವೈಹಾಳಿ ನಿಂತಿತು. ಗರಡಿ ನಿಲ್ಲಲಿಲ್ಲ, ಅದು ಕೇರಿಯಲ್ಲಿ ಇತ್ತು. ಇವತ್ತಿಗೂ ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಯಲ್ಲಿ ಕುಸ್ತಿ ನಡೆಯುತ್ತೆ. ದಸರಾ ಹತ್ತಿರ ಬಂದರೆ ಮೈಸೂರಿನಲ್ಲಿ ಜೋಡಿ ಕಟ್ಟೋ ದಿನ ಸುತ್ತಲ ಊರುಗಳ ಪೈಲ್ವಾನರು ಸೇರ್ತಾರೆ. ಆಟ ಬದುಕಿದ್ದರಿಂದ ಪದಕ್ಕೆ ಮರಿಗಳೂ ಹುಟ್ಟಿವೆ. ಇವರು ಇಂಥ ನಾಯಕರ ಗರಡಿಯಲ್ಲಿ ಪಳಗಿದವರು ಅಂತ ನಮ್ಮ ರಾಜಕೀಯ ವರದಿಗಾರರು ದಿನಾ ಬರೀತಾರೆ. ತುಳುನಾಡಿನಲ್ಲಿ ಕೋಟಿ ಚೆನ್ನಯರ ಗರಡಿಗಳು ಪೂಜೆಯ ಜಾಗಗಳೇ ಆಗಿವೆ.

ಅಂದ್ರೆ, ಅಂಗಳದ ಹೆಸರನ್ನ ಕಾಪಾಡೋದು ಅರಮನೆ ಅಲ್ಲ, ಅಲ್ಲಿಗೆ ದಿನಾ ಹೋಗೋ ಕಾಲುಗಳು.

ಇಲ್ಲಿಗೆ ನಿಲ್ಲಿಸಿದರೆ ಸುಖಾಂತ್ಯ. ಆದರೆ ಒಂದು ತೊಡಕು ಇದೆ.

ಬರೆದಿಡೋರು ಯಾರು?

ವೈಹಾಳಿ ಸತ್ತರೂ ಅದರ ಹೆಸರು ನಮಗೆ ಸಿಕ್ಕಿದೆ. ಯಾಕಂದ್ರೆ ಅದಕ್ಕೊಬ್ಬ ಸೋಮೇಶ್ವರ ಇದ್ದ, ಕವಿಗಳಿದ್ದರು, ನಿಘಂಟುಕಾರರಿದ್ದರು. ಸ್ಫೇರಿಸ್ಟೀರಿಯಮ್‌ಗೆ ಪ್ಲಿನಿ ಇದ್ದ. ದೊಡ್ಡವರ ಆಟ ಸತ್ತರೂ ಪುಸ್ತಕದಲ್ಲಿ ಅದರ ವಿಳಾಸ ಇರುತ್ತೆ. ಬಡವರ ಅಂಗಳಕ್ಕೆ ಬಾಯಿ ಒಂದೇ ದಾಖಲೆ. ಆಡೋದು ನಿಂತರೆ, ಆ ಬಾಯಿಗಳು ಮುಚ್ಚಿದರೆ, ಹುಡುಕೋಕೆ ಒಂದು ಸಾಲೂ ಸಿಗಲ್ಲ.

ನಮ್ಮ ಹಳ್ಳಿಗಳಲ್ಲಿ ಒಂದೊಂದು ತುಂಡು ನೆಲಕ್ಕೂ ಹೆಸರಿದೆ. ಕೆರೆ ಹಿಂದಿನ ಹೊಲ, ಗುಡಿ ಮುಂದಿನ ಗದ್ದೆ, ಕಣದ ಹಟ್ಟಿ, ಜಾತ್ರೆ ಮಾಳ. ಹುಡುಗರು ಚಿನ್ನಿದಾಂಡು ಆಡ್ತಿದ್ದ ಜಾಗ, ಲಗೋರಿ ಆಡ್ತಿದ್ದ ಜಾಗ, ಹೆಣ್ಣುಮಕ್ಕಳು ಕುಂಟೆಬಿಲ್ಲೆ ಗೆರೆ ಎಳೀತಿದ್ದ ಜಗಲಿ, ಎಲ್ಲಕ್ಕೂ ಊರಿನವರಿಗೆ ಮಾತ್ರ ಗೊತ್ತಿರೋ ಹೆಸರು ಇರುತ್ತೆ. ಮುಡುಕುತೊರೆ ಜಾತ್ರೆಯಲ್ಲಿ ದನ ಕಟ್ಟೋ ಜನರನ್ನ ಕೇಳಿ. ನಕ್ಷೆ ಇಲ್ಲದೆ, ಯಾವ ಊರಿನವರು ಎಲ್ಲಿ ಕಟ್ತಾರೆ ಅಂತ ಹೇಳಿಬಿಡ್ತಾರೆ.

ಈ ಹೆಸರುಗಳು ಪಹಣಿಯಲ್ಲಿ ಇರಲ್ಲ. ಅಲ್ಲಿರೋದು ಸರ್ವೆ ನಂಬರ್, ಹಿಸ್ಸಾ ನಂಬರ್, ಎಕರೆ, ಗುಂಟೆ. ಹಳೆಯ ಶಾಸನಗಳು ಇದರಲ್ಲಿ ನಮಗಿಂತ ಉದಾರವಾಗಿದ್ದವು. ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವಾಗ ಮೂಡಲಿಗೆ ಇಂಥ ಹಳ್ಳ, ತೆಂಕಲಿಗೆ ಇಂಥ ಮರ, ಪಡುವಲಿಗೆ ಇಂಥ ಕಲ್ಲು, ಬಡಗಲಿಗೆ ಇಂಥ ಕೆರೆ ಅಂತ ಹೆಸರಿಟ್ಟು ಬರೀತಿದ್ದರು. ಸಾವಿರ ವರ್ಷದ ಹಿಂದಿನ ಒಂದು ಹಳ್ಳದ ಹೆಸರು ನಮಗೆ ಗೊತ್ತಿರುತ್ತೆ. ಅಜ್ಜಿ ಬುಗುರಿ ಆಡ್ತಿದ್ದ ಬಯಲಿನ ಹೆಸರು ಮೊಮ್ಮಗನಿಗೆ ಗೊತ್ತಿರಲ್ಲ. ಆ ಬಯಲು ಬಡಾವಣೆ ಆದ ದಿನ ಅದು ಮೊದಲನೇ ಹಂತ, ಎರಡನೇ ಅಡ್ಡರಸ್ತೆ ಆಗುತ್ತೆ. ಮನೆ ಕಟ್ಟಬೇಡಿ ಅಂತ ನಾನು ಹೇಳ್ತಿಲ್ಲ, ಜನರಿಗೆ ಮನೆ ಬೇಕು. ಅಡ್ಡರಸ್ತೆಗೆ ಆ ಹಳೆಯ ಹೆಸರನ್ನೇ ಇಟ್ಟರೆ ಯಾರಿಗೂ ಒಂದು ಅಡಿ ಜಾಗ ನಷ್ಟ ಆಗಲ್ಲ.

ಅದಕ್ಕೆ ಈ ವಾರ ನಿಮಗೊಂದು ಕೆಲಸ. ಮನೆಯಲ್ಲಿರೋ ಹಿರಿಯರನ್ನ ಒಂದೇ ಪ್ರಶ್ನೆ ಕೇಳಿ: ನೀವು ಚಿಕ್ಕವರಿದ್ದಾಗ ಎಲ್ಲಿ ಆಡ್ತಿದ್ರಿ, ಆ ಜಾಗಕ್ಕೆ ಏನಂತಿದ್ರಿ? ಉತ್ತರವನ್ನ ಅವರು ಹೇಳಿದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಊರು, ತಾಲ್ಲೂಕು, ಯಾವ ಆಟ, ಈಗ ಅಲ್ಲಿ ಏನಿದೆ, ಇಷ್ಟು ಸೇರಿಸಿ. ಸಾಧ್ಯವಾದರೆ ಅವರ ದನಿಯನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹತ್ತು ನಿಮಿಷದ ಕೆಲಸ. ಅರ್ಥ ಏನು, ಮೂಲ ಯಾವುದು ಅಂತ ಹುಡುಕೋದು ಆಮೇಲಿನ ಮಾತು. ಮೊದಲು ಹೆಸರು ಕೈಗೆ ಸಿಗಲಿ.

ಇಂದ್ರನಿಗೆ ಕಲ್ಲಿನ ಕಂಬ ಸಿಕ್ಕಿತು. ನಿಮ್ಮ ಅಜ್ಜನಿಗೆ, ಅಜ್ಜಿಗೆ ಒಂದು ನೋಟ್‌ಬುಕ್ಕಿನ ಪುಟ ಆದರೂ ಸಿಗಲಿ.